ಊರಿನ ಹಣ, ಒಬ್ಬನ ಕಿಡ್ನಿ

ಬೊಕ್ಕಸದಲ್ಲಿರುವ ಹಣ ಇಷ್ಟೇ ಎಂದಿಟ್ಟುಕೊಳ್ಳಿ. ಅದರಿಂದ ಊರೂರಿನ ಮಕ್ಕಳಿಗೆ ಲಸಿಕೆ ಹಾಕಿಸಬಹುದು, ಬಾಣಂತಿಯರ ಆರೈಕೆ ಮಾಡಬಹುದು. ಇಲ್ಲವೇ ಕಿಡ್ನಿ ಕೆಟ್ಟ ಕೆಲವರನ್ನು ಡಯಾಲಿಸಿಸ್ ಮೂಲಕ ಬದುಕಿಸಿಕೊಳ್ಳಬಹುದು. ಆಯ್ಕೆ ಯಾವುದು? ಕಾಗದದ ಮೇಲೆ ಉತ್ತರ ಸುಲಭ. ಅದನ್ನು ರೋಗಿಯ ಮುಖ ನೋಡಿ ಹೇಳಬೇಕಾದಾಗ ಮಾತ್ರ ನಾಲಿಗೆ ಒಣಗುತ್ತದೆ.

ಈ ಇಕ್ಕಟ್ಟನ್ನು ಶ್ರೀಮಂತ ದೇಶವೇನೂ ಅಲ್ಲದ ಥಾಯ್ಲೆಂಡ್ ಎದುರಿಸಿದೆ. 1997ರ ಆರ್ಥಿಕ ಕುಸಿತದಿಂದ ಇನ್ನೂ ಚೇತರಿಸಿಕೊಳ್ಳುತ್ತಿದ್ದಾಗಲೇ, 2002ರಲ್ಲಿ ಅದು ಎಲ್ಲರಿಗೂ ಆರೋಗ್ಯ ರಕ್ಷಣೆ ಒದಗಿಸುವ ಕಾನೂನು ಮಾಡಿತು. ಹಳ್ಳಿಗಾಡಿನಲ್ಲಿ ದುಡಿದ ವೈದ್ಯ ಡಾ. ಸಂಗುವಾನ್ ನಿತ್ಯಾರಂಪೋಂಗ್ ಅದರ ಹಿಂದಿನ ಪ್ರಮುಖ ಶಕ್ತಿ. ಆಸ್ಪತ್ರೆಗೆ ಹೋದವರು 30 ಬಾತ್ ಕೊಟ್ಟರೆ ಸಾಕಿತ್ತು. ಉಳಿದದ್ದು ತೆರಿಗೆಯ ಹಣ. ಅದಕ್ಕೂ ಮುಂಚೆ ಅಲ್ಲಿ ಬಡವರಿಗೆಂದು ಪ್ರತ್ಯೇಕ ಕಾರ್ಡುಗಳಿದ್ದವು. ಅವು ಎಷ್ಟೋ ಬಡವರಿಗೆ ಸಿಗಲಿಲ್ಲ, ಬಡವರಲ್ಲದ ಹಲವರಿಗೆ ಸಿಕ್ಕವು. ನಮ್ಮ ಬಿಪಿಎಲ್ ಕಾರ್ಡಿನ ಕಥೆ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದರೆ ಆ ಯೋಜನೆಯಲ್ಲಿ ಡಯಾಲಿಸಿಸ್ ಇರಲಿಲ್ಲ. ಖರ್ಚು ವಿಪರೀತ, ಒಮ್ಮೆ ಶುರುವಾದರೆ ಬದುಕಿರುವ ತನಕ ನಿಲ್ಲಿಸುವಂತಿಲ್ಲ ಎಂಬುದು ಕಾರಣ. ಅಲ್ಲಿನ ತಜ್ಞರು ಲೆಕ್ಕ ಹಾಕಿದಾಗಲೂ, ವೆಚ್ಚಕ್ಕೆ ತಕ್ಕ ಫಲವಿಲ್ಲ ಎಂಬ ಉತ್ತರವೇ ಬಂತು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೂ 2008ರಲ್ಲಿ ಸರ್ಕಾರ ಡಯಾಲಿಸಿಸನ್ನು ಯೋಜನೆಗೆ ಸೇರಿಸಿತು. ಯಾಕೆ?

ಒಂದು ಕಾರಣ, ಲೆಕ್ಕ ರೋಗಿಯೊಬ್ಬನನ್ನು ಮಾತ್ರ ನೋಡಿತ್ತು. ಅಪ್ಪನನ್ನು ಉಳಿಸಿಕೊಳ್ಳಲು ಗದ್ದೆ ಮಾರುವ, ಮಗಳನ್ನು ಶಾಲೆ ಬಿಡಿಸುವ ಮನೆ ಅದರಲ್ಲಿ ಇರಲಿಲ್ಲ. ಅಪ್ಪನ ಜೊತೆ ಮನೆಯೂ ಮುಳುಗುತ್ತದೆ.

ಎರಡನೆಯದು ಇನ್ನೂ ಗಟ್ಟಿಯಾದದ್ದು. ಸರ್ಕಾರಿ ನೌಕರರಿಗೆ ಅವರದೇ ಯೋಜನೆಯಲ್ಲಿ ಡಯಾಲಿಸಿಸ್ ಮೊದಲಿನಿಂದಲೂ ಸಿಗುತ್ತಿತ್ತು, ಅದೂ ತೆರಿಗೆ ಹಣದಿಂದಲೇ. ಅಂಗಡಿಯಲ್ಲಿ ಸೋಪು ಕೊಳ್ಳುವ ರೈತನೂ ಆ ತೆರಿಗೆ ಕಟ್ಟುತ್ತಾನೆ. ಗುಮಾಸ್ತನ ಕಿಡ್ನಿಗೆ ಹಣ ಕೊಟ್ಟವನಿಗೆ ತನ್ನ ಕಿಡ್ನಿ ಕೆಟ್ಟಾಗ 'ನಿನ್ನ ಜೀವ ದುಬಾರಿ' ಎಂಬ ಉತ್ತರ! ಇದಕ್ಕೆ ಮಿತವ್ಯಯ ಎಂದು ಹೆಸರಿಡಲಾಗದು.

ಹಾಗೆಂದು ಥಾಯ್ಲೆಂಡ್ ಲೆಕ್ಕವನ್ನು ಗಾಳಿಗೆ ತೂರಲಿಲ್ಲ. ಯಂತ್ರಗಳಿರುವ ಆಸ್ಪತ್ರೆಗೆ ಎಲ್ಲರನ್ನೂ ಅಲೆಸುವ ಬದಲು, ಹೊಟ್ಟೆಯೊಳಗೆ ದ್ರವ ತುಂಬಿಸಿ ತೆಗೆದು ಮನೆಯಲ್ಲೇ ಮಾಡಿಕೊಳ್ಳುವ ಡಯಾಲಿಸಿಸ್‌ಗೆ ಮೊದಲ ಆದ್ಯತೆ ಕೊಟ್ಟಿತು. ದ್ರವದ ಚೀಲಗಳನ್ನು ಅಂಚೆ ಇಲಾಖೆ ಹಳ್ಳಿಯ ಮನೆಗಳಿಗೆ ತಲುಪಿಸಿತು. ಅದು ಎಲ್ಲರಿಗೂ ಒಗ್ಗಲಿಲ್ಲ, ಸೋಂಕಿನ ಭಯವೂ ಇತ್ತು. ಆದರೂ ಅಲ್ಲಿಯವರೆಗೆ ಬಾಗಿಲೇ ಇರದಿದ್ದ ಕಡೆ ಒಂದು ಬಾಗಿಲು ತೆರೆಯಿತು.

'ಹಾಗಾದರೆ ಎಲ್ಲ ರೋಗಕ್ಕೂ ಸರ್ಕಾರವೇ ಕೊಡಬೇಕೆ?' ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಯಾವ ಬೊಕ್ಕಸವೂ ಅಕ್ಷಯಪಾತ್ರೆಯಲ್ಲ. ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು. ಆದರೆ ಆ ಗೆರೆ ಅಧಿಕಾರಿಗೂ ಕೂಲಿಯವನಿಗೂ ಒಂದೇ ಆಗಿರಬೇಕು. ಎಳೆದವರು ಕಾರಣವನ್ನು ಎಲ್ಲರೆದುರು ಹೇಳಬೇಕು.

ನಮ್ಮ ದೇಶದ 2017ರ ಆರೋಗ್ಯ ನೀತಿ, 2025ರೊಳಗೆ ಸಾರ್ವಜನಿಕ ಆರೋಗ್ಯಕ್ಕೆ ಒಟ್ಟು ದೇಶೀಯ ಉತ್ಪನ್ನದ ಶೇ. 2.5ರಷ್ಟು ಖರ್ಚು ಮಾಡುವ ಗುರಿ ಇಟ್ಟಿತ್ತು. ಗುರಿ ಮುಟ್ಟಲಿಲ್ಲ. ಹಣವಿಲ್ಲ ಎಂದು ಹೇಳುವ ಹಕ್ಕು ಆಳುವವರಿಗೆ ಇರಬಹುದು. ಆದರೆ ಕಾಯಿಲೆ ಬಿದ್ದಾಗ ತಾವೂ ಅದೇ ಸರತಿ ಸಾಲಿನಲ್ಲಿ ನಿಲ್ಲುವವರ ಬಾಯಿಂದ ಬಂದರೆ ಮಾತ್ರ ಆ ಮಾತನ್ನು ನಂಬಬಹುದು.