ಬಾಡಿಗೆ ವಾಹನದ ಲೆಕ್ಕದಲ್ಲಿ ಸತ್ಯಾಣುವ್ರತ

ವ್ರತಗಳನ್ನು ಗುರುಸನ್ನಿಧಿಯಲ್ಲಿ ಸ್ವೀಕರಿಸುವುದು ಸಂಪ್ರದಾಯ. ಅವುಗಳ ಪರೀಕ್ಷೆಯಾದರೋ ಅಂಗಡಿಯ ಗಲ್ಲೆಯ ಮುಂದೆ, ಕರಾರುಪತ್ರದ ಕೆಳಗೆ ಹಾಕುವ ರುಜುವಿನಲ್ಲಿ, ಹಣ ಎಣಿಸಿ ಕೊಡುವ ಕೈಯಲ್ಲಿ ನಡೆಯುತ್ತದೆ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಣುವ್ರತಗಳಿಗೆ ಐದೈದು ಅತಿಚಾರಗಳನ್ನು ಹೇಳುವಾಗ ಅಳತೆ-ತೂಕದ ಮೋಸ, ಕಲಬೆರಕೆ, ಸುಳ್ಳು ಬರಹ, ನಂಬಿ ಇರಿಸಿದ ಒಡವೆಯ ಅಪಹಾರ ಇವುಗಳನ್ನು ಹೆಸರಿಸಿರುವುದು ಇದೇ ಕಾರಣದಿಂದ. ಕಾಲ ಬದಲಾದಂತೆ ವ್ಯವಹಾರದ ರೂಪ ಬದಲಾಗುತ್ತದೆ. ಅತಿಚಾರದ ಸ್ವರೂಪ ಬದಲಾಗುವುದಿಲ್ಲ.

ಇಂದಿನ ಗೃಹಸ್ಥರಿಗೆ ಪರಿಚಿತವಾಗಿರುವ ಒಂದು ವ್ಯವಹಾರವೆಂದರೆ, ಚಾಲಕನಿಲ್ಲದ ಕಾರನ್ನು ಬಾಡಿಗೆಗೆ ಪಡೆದು ತಾವೇ ನಡೆಸಿಕೊಂಡು ಹೋಗುವುದು. ಕೇಂದ್ರ ಸರ್ಕಾರವು 1989ರಲ್ಲಿ ಇದಕ್ಕಾಗಿ ಪ್ರತ್ಯೇಕ ಯೋಜನೆಯೊಂದನ್ನು ರೂಪಿಸಿತು. ಕಪ್ಪು ಫಲಕದ ಮೇಲೆ ಹಳದಿ ಅಕ್ಷರದ ಸಂಖ್ಯೆಯುಳ್ಳ ಈ ವಾಹನಗಳು ಈಗ ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ಸುಲಭವಾಗಿ ದೊರೆಯುತ್ತವೆ. ಕುಟುಂಬ ಸಮೇತ ಶ್ರವಣಬೆಳಗೊಳ, ಮೂಡುಬಿದಿರೆ, ಕಾರ್ಕಳಗಳ ಯಾತ್ರೆಗೆ ಹೋಗುವವರಿಗೆ ಇದು ಅನುಕೂಲ. ಆದರೆ ಯಾತ್ರೆಯ ಪುಣ್ಯವೆಲ್ಲ ವಾಹನವನ್ನು ಹಿಂತಿರುಗಿಸುವ ಕಾಲು ಗಂಟೆಯಲ್ಲಿ ಕರಗಿಹೋಗುವ ಪ್ರಸಂಗಗಳು ವಿರಳವಲ್ಲ. ಸಂಸ್ಥೆಯ ನೌಕರನು ವಾಹನವನ್ನು ಸುತ್ತಿ ನೋಡಿ, ಒಂದು ಗೀರನ್ನೋ ನೆಗ್ಗನ್ನೋ ತೋರಿಸಿ, ಠೇವಣಿಯಿಂದ ಇಷ್ಟು ಹಣ ಕಡಿತವೆಂದು ಹೇಳುತ್ತಾನೆ. ಬಾಡಿಗೆಗೆ ಪಡೆದವನು ಅದು ಮೊದಲೇ ಇತ್ತೆನ್ನುತ್ತಾನೆ. ಮಾತಿಗೆ ಮಾತು ಬೆಳೆಯುತ್ತದೆ. ಇಲ್ಲಿ ಶ್ರಾವಕನಾದವನು ಹೇಗೆ ನಡೆದುಕೊಳ್ಳಬೇಕು? ವಾದಿಸುವುದು ಕಷಾಯವೇ? ವಾದಿಸದೆ ಹಣ ತೆರುವುದು ಕ್ಷಮೆಯೇ?

ಮೊದಲು ವ್ಯವಹಾರದ ಸ್ವರೂಪವನ್ನು ತಿಳಿಯಬೇಕು. ಇಲ್ಲಿ ಒಂದಲ್ಲ, ಎರಡು ನ್ಯಾಸಗಳಿವೆ. ಮಾಲೀಕನ ವಾಹನವು ಬಾಡಿಗೆದಾರನ ಕೈಯಲ್ಲಿ ನ್ಯಾಸವಾಗಿರುತ್ತದೆ. ಬಾಡಿಗೆದಾರನ ಠೇವಣಿ ಹಣವು ಮಾಲೀಕನ ಕೈಯಲ್ಲಿ ನ್ಯಾಸವಾಗಿರುತ್ತದೆ. ಇಬ್ಬರೂ ಪರರ ವಸ್ತುವನ್ನು ನಂಬಿಕೆಯ ಮೇಲೆ ಇಟ್ಟುಕೊಂಡವರು. ಇಬ್ಬರೂ ಒಂದೇ ಗಳಿಗೆಯಲ್ಲಿ ಅದನ್ನು ಹಿಂತಿರುಗಿಸಬೇಕಾದವರು. ಅಪಹಾರದ ಅವಕಾಶವೂ ಇಬ್ಬರಿಗೂ ಸಮಾನವಾಗಿದೆ.

ನ್ಯಾಸಾಪಹಾರವೆಂಬ ಅತಿಚಾರವನ್ನು ವಿವರಿಸುವಾಗ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಬಹು ಸೂಕ್ಷ್ಮವಾದ ಸಂದರ್ಭವನ್ನು ಆಯ್ದುಕೊಂಡಿದ್ದಾರೆ. ಹೊನ್ನು ಮುಂತಾದುದನ್ನು ಇರಿಸಿದವನು ತಾನಿಟ್ಟ ಸಂಖ್ಯೆಯನ್ನು ಮರೆತು ಕಡಿಮೆ ಸಂಖ್ಯೆಯನ್ನು ಹೇಳಿ ಕೇಳುತ್ತಾನೆ. ಇಟ್ಟುಕೊಂಡವನು 'ಹೌದು, ಅಷ್ಟೇ' ಎಂದು ಸಮ್ಮತಿಸಿ ಕೊಟ್ಟುಬಿಡುತ್ತಾನೆ. ಇಲ್ಲಿ ಯಾರೂ ಪೆಟ್ಟಿಗೆ ಒಡೆಯಲಿಲ್ಲ, ಕೈ ಹಾಕಿ ಕದಿಯಲಿಲ್ಲ. ಇನ್ನೊಬ್ಬನ ಅಜ್ಞಾನಕ್ಕೆ ಒಂದು ಮಾತಿನ ಸಮ್ಮತಿ ಕೊಟ್ಟದ್ದಷ್ಟೇ ಅಪರಾಧ. ಆದುದರಿಂದಲೇ ಸೂತ್ರಕಾರರು ಇದನ್ನು ಅಚೌರ್ಯದ ಅತಿಚಾರಗಳಲ್ಲಿ ಸೇರಿಸದೆ ಸತ್ಯವ್ರತದ ಅತಿಚಾರಗಳಲ್ಲಿ ಸೇರಿಸಿದ್ದಾರೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಅದರ ಸ್ಥಾನ ಅದೇ.

ಇದನ್ನು ಪ್ರಸ್ತುತ ವಿಷಯಕ್ಕೆ ಹೊಂದಿಸಿ ನೋಡಬೇಕು. ವಾಹನದ ತಳಭಾಗ ಕಲ್ಲಿಗೆ ತಾಗಿ ಪೆಟ್ಟಾಗಿರುವುದು ಬಾಡಿಗೆದಾರನಿಗೆ ಗೊತ್ತು. ನೌಕರನು ಬಗ್ಗಿ ನೋಡಲಿಲ್ಲ. 'ಎಲ್ಲ ಸರಿಯಾಗಿದೆಯಲ್ಲವೇ?' ಎಂದು ಕೇಳಿದಾಗ 'ಹೌದು' ಎಂದರೆ, ಅಥವಾ ತಲೆಯಾಡಿಸಿ ಠೇವಣಿಯನ್ನು ಪಡೆದು ಬಂದರೆ, ಅದು ಪೂಜ್ಯಪಾದರು ಹೇಳಿದ ನ್ಯಾಸಾಪಹಾರವೇ ಆಗುತ್ತದೆ. ಅದೇ ರೀತಿ, ಹಿಂದಿನ ಗಿರಾಕಿಯಿಂದ ಹಣ ವಸೂಲು ಮಾಡಿಯೂ ರಿಪೇರಿ ಮಾಡಿಸದೆ ಬಿಟ್ಟ ಗೀರನ್ನು ಇಂದಿನ ಗಿರಾಕಿಯ ಲೆಕ್ಕಕ್ಕೆ ಬರೆದರೆ ಮಾಲೀಕನದು ನ್ಯಾಸಾಪಹಾರ. ಗಿರಾಕಿಯು ಮಾಡದ ಕಾರ್ಯವನ್ನು ಅವನೇ ಮಾಡಿದನೆಂದು ಕಾಗದದಲ್ಲಿ ನಮೂದಿಸುವುದು ಕೂಟಲೇಖಕ್ರಿಯೆಯೂ ಆಗುತ್ತದೆ.

ಈಗ ಒಂದು ದೃಷ್ಟಾಂತವನ್ನು ತೆಗೆದುಕೊಳ್ಳಬಹುದು. ಒಬ್ಬ ಗೃಹಸ್ಥನು 10,000 ರೂಪಾಯಿ ಠೇವಣಿ ಇಟ್ಟು ಕಾರು ಪಡೆದು ಯಾತ್ರೆಗೆ ಹೋದನು. ಮೂಡುಬಿದಿರೆಯ ಇಕ್ಕಟ್ಟಾದ ಓಣಿಯೊಂದರಲ್ಲಿ ಹಿಂದಕ್ಕೆ ತೆಗೆಯುವಾಗ ಗೋಡೆಗೆ ತಾಗಿ ಬಂಪರಿಗೆ ಗೀರಾಯಿತು. ಹಿಂತಿರುಗಿಸುವಾಗ ಸಂಸ್ಥೆಯವರು ಬಂಪರನ್ನೇ ಬದಲಿಸಬೇಕೆಂದು 6,500, ಬಾಗಿಲಿನ ನೆಗ್ಗಿಗೆ 3,000, ಒಟ್ಟು 9,500 ರೂಪಾಯಿ ಕಡಿತಗೊಳಿಸಿದರು. ಬಾಗಿಲಿನ ನೆಗ್ಗು ಮೊದಲೇ ಇದ್ದದ್ದು. ಬಂಪರಿಗೆ ಬಣ್ಣ ಹೊಡೆಸಿದರೆ 2,500 ರೂಪಾಯಿಯಲ್ಲಿ ಮುಗಿಯುವ ಕೆಲಸ. ಆ ಗೃಹಸ್ಥನ ಮುಂದೆ ಮೂರು ದಾರಿಗಳಿವೆ.

ಮೊದಲನೆಯದು, ಎಲ್ಲವನ್ನೂ ನಿರಾಕರಿಸುವುದು. 'ಇವರು ಹೇಗೂ ಮೋಸಗಾರರು. ನಿಜ ಹೇಳಿದರೆ ಇನ್ನಷ್ಟು ಕೀಳುತ್ತಾರೆ. ಆದ್ದರಿಂದ ಬಂಪರಿನ ಗೀರೂ ನನ್ನದಲ್ಲ' ಎನ್ನುವುದು. ವಾದದಲ್ಲಿ ಇದು ಚತುರತೆಯಂತೆ ತೋರಬಹುದು. ಆದರೆ ಇದು ಎರಡು ಬೇರೆ ಬೇರೆ ಖಾತೆಗಳನ್ನು ಒಂದಕ್ಕೊಂದು ವಜಾ ಹಾಕುವ ತಪ್ಪು ಲೆಕ್ಕ. ಮಾಲೀಕನ ಸುಳ್ಳು ಮಾಲೀಕನ ಖಾತೆಯಲ್ಲಿ ಬೀಳುತ್ತದೆ. ಅದನ್ನು ತಂದು ಗೃಹಸ್ಥನ ಸುಳ್ಳಿಗೆ ಜಮಾ ಮಾಡಲು ಬರುವುದಿಲ್ಲ. ಕರ್ಮದ ಕಿರ್ದಿಯಲ್ಲಿ ಪರರ ಪಾಪದಿಂದ ನಮ್ಮ ಬಾಕಿ ತೀರುವ ಪದ್ಧತಿಯೇ ಇಲ್ಲ.

ಎರಡನೆಯದು, ಜಗಳವೇಕೆಂದು ಎಲ್ಲವನ್ನೂ ತೆತ್ತು ಬರುವುದು. ನಮ್ಮ ಸಮಾಜದಲ್ಲಿ ಅನೇಕರು ಇದನ್ನೇ ಧರ್ಮವೆಂದು ತಿಳಿಯುತ್ತಾರೆ. ಇಲ್ಲಿ ವಿವೇಚನೆ ಬೇಕು. ಉಮಾಸ್ವಾಮಿಗಳು ಸತ್ಯವ್ರತದ ಐದು ಭಾವನೆಗಳನ್ನು ಹೇಳುತ್ತಾ ಕ್ರೋಧ, ಲೋಭ, ಭಯ, ಹಾಸ್ಯಗಳ ತ್ಯಾಗವನ್ನೂ ವಿಚಾರಿಸಿ ಮಾತನಾಡುವುದನ್ನೂ ವಿಧಿಸಿದ್ದಾರೆ. ಕ್ರೋಧ ಮತ್ತು ಲೋಭಗಳಿಂದ ಸುಳ್ಳು ಹುಟ್ಟುವುದು ಎಲ್ಲರಿಗೂ ತಿಳಿದ ವಿಷಯ. ಭಯದಿಂದಲೂ ಸುಳ್ಳು ಹುಟ್ಟುತ್ತದೆ ಎಂಬುದನ್ನು ಗಮನಿಸುವವರು ಕಡಿಮೆ. ನಾಲ್ಕು ಜನರ ಮುಂದೆ ಮಾತು ಬೆಳೆದೀತೆಂಬ ಸಂಕೋಚದಿಂದ 'ಈ ಎರಡೂ ಹಾನಿಗಳು ನನ್ನಿಂದಾದವು' ಎಂಬ ಕಾಗದಕ್ಕೆ ರುಜು ಹಾಕಿದರೆ, ಹಾಕಿದ್ದು ಅಸತ್ಯಕ್ಕೆ. ಇದಲ್ಲದೆ, ಇಂದು ಸುಲಭವಾಗಿ ದೊರೆತ ಮೂರು ಸಾವಿರ ನಾಳೆ ಇನ್ನೊಬ್ಬ ಬಡ ಗಿರಾಕಿಯಿಂದ ಕೀಳಲು ಧೈರ್ಯ ಕೊಡುತ್ತದೆ. ಅನುಮೋದನೆಯ ದೋಷ ಇಲ್ಲಿ ತಪ್ಪಿದ್ದಲ್ಲ. ನಿಜವಾಗಿಯೂ ಬಿಟ್ಟುಕೊಡುವ ಮನಸ್ಸಿದ್ದರೆ, 'ಬಾಗಿಲಿನ ನೆಗ್ಗು ನನ್ನದಲ್ಲ; ಆದರೂ ಈ ಹಣವನ್ನು ಬಿಟ್ಟಿದ್ದೇನೆ' ಎಂದು ಸ್ಪಷ್ಟವಾಗಿ ಬರೆದು ಬಿಡಬಹುದು. ಅದು ತ್ಯಾಗ. ಅಂಜಿ ಬಿಟ್ಟದ್ದಕ್ಕೆ ಕ್ಷಮೆಯ ಹೆಸರು ಸಲ್ಲದು.

ಮೂರನೆಯದು, ತನ್ನದನ್ನು ಒಪ್ಪಿಕೊಂಡು ತನ್ನದಲ್ಲದ್ದನ್ನು ಪ್ರಶ್ನಿಸುವುದು. ನೌಕರನು ಕಂಡುಹಿಡಿಯುವ ಮೊದಲೇ 'ಬಂಪರಿನ ಗೀರು ನನ್ನಿಂದಾಯಿತು' ಎಂದು ತಿಳಿಸುವುದು. ಅದರ ನ್ಯಾಯವಾದ ಖರ್ಚನ್ನು ಕೊಡಲು ಸಿದ್ಧನಿರುವುದು. ಬಾಗಿಲಿನ ಹಣಕ್ಕೂ ಹೆಚ್ಚುವರಿ ಹಣಕ್ಕೂ ಶಾಂತವಾಗಿ, ಲಿಖಿತವಾಗಿ ಆಕ್ಷೇಪ ಸಲ್ಲಿಸುವುದು. ಲೌಕಿಕದಲ್ಲಿ ಇದು ನಷ್ಟದ ದಾರಿಯಾಗಬಹುದು. ಒಪ್ಪಿಕೊಂಡವನ ಮೇಲೆಯೇ ಎಲ್ಲ ಹೊರೆಯನ್ನೂ ಹೊರಿಸುವವರಿದ್ದಾರೆ. ಆದರೂ ಶ್ರಾವಕನಿಗೆ ಉಳಿದಿರುವ ದಾರಿ ಇದೊಂದೇ.

ವಾದಿಸುವುದು ಧರ್ಮವಿರುದ್ಧವಲ್ಲವೆಂಬುದಕ್ಕೆ ನಮ್ಮ ಪುರಾಣಕಥೆಯೇ ಸಾಕ್ಷಿ. ಸಿಂಹಪುರದ ಪುರೋಹಿತ ಶ್ರೀಭೂತಿಯು ತನ್ನ ಸತ್ಯನಿಷ್ಠೆಯ ಪ್ರಸಿದ್ಧಿಯಿಂದ ಸತ್ಯಘೋಷನೆಂದು ಕರೆಸಿಕೊಂಡಿದ್ದನು. ಒಬ್ಬ ವರ್ತಕನು ಆ ಹೆಸರನ್ನು ನಂಬಿ ತನ್ನ ರತ್ನಗಳನ್ನು ಅವನಲ್ಲಿ ನ್ಯಾಸವಾಗಿಟ್ಟನು. ಹಿಂತಿರುಗಿ ಬಂದು ಕೇಳಿದಾಗ ಸತ್ಯಘೋಷನು ನಿರಾಕರಿಸಿ, ವರ್ತಕನಿಗೇ ಹುಚ್ಚನೆಂಬ ಹೆಸರು ಕಟ್ಟಿದನು. ವರ್ತಕನು ಸುಮ್ಮನಾಗಲಿಲ್ಲ. ದಿನವೂ ಅರಮನೆಯ ಬಳಿಯ ಮರವನ್ನೇರಿ ತನ್ನ ಅಳಲನ್ನು ಕೂಗಿ ಹೇಳಿದನು. ಅವನ ಮಾತು ದಿನದಿಂದ ದಿನಕ್ಕೆ ಒಂದೇ ಆಗಿರುವುದನ್ನು ಕಂಡ ರಾಣಿ ರಾಮದತ್ತೆಯು ಪಗಡೆಯಾಟದ ಉಪಾಯದಿಂದ ರತ್ನಗಳನ್ನು ಪುರೋಹಿತನ ಮನೆಯಿಂದ ತರಿಸಿದಳು. ರಾಜನು ಅವುಗಳನ್ನು ಅರಮನೆಯ ರತ್ನಗಳೊಡನೆ ಬೆರೆಸಿ, ನಿನ್ನವನ್ನು ಆರಿಸಿಕೊಳ್ಳೆಂದನು. ವರ್ತಕನು ತನ್ನ ರತ್ನಗಳನ್ನು ಮಾತ್ರ ಆರಿಸಿಕೊಂಡನು.

ಸತ್ಯಘೋಷನ ಕಥೆಯನ್ನು ಸಾಮಾನ್ಯವಾಗಿ ಸುಳ್ಳಿನ ದುಷ್ಫಲಕ್ಕೆ ಉದಾಹರಣೆಯಾಗಿ ಹೇಳುತ್ತಾರೆ. ಅದರಲ್ಲಿ ವರ್ತಕನ ನಡತೆಯೂ ಅಷ್ಟೇ ಮನನೀಯ. ಅವನು ಹಕ್ಕನ್ನು ಬಿಡಲಿಲ್ಲ. ಹಕ್ಕು ದೊರೆತಾಗ ಅದರ ಎಲ್ಲೆಯನ್ನು ಮೀರಲೂ ಇಲ್ಲ. ಇಷ್ಟು ದಿನ ಪಟ್ಟ ಕಷ್ಟಕ್ಕೆಂದು ಇನ್ನೊಂದು ರತ್ನಕ್ಕೆ ಕೈ ಚಾಚಿದ್ದರೆ ಅವನ ಕೂಗೆಲ್ಲ ಸುಳ್ಳಾಗುತ್ತಿತ್ತು. ಲೆಕ್ಕವನ್ನು ಪ್ರಶ್ನಿಸುವವನ ಪ್ರಾಮಾಣಿಕತೆ ಅವನ ಧ್ವನಿಯ ಎತ್ತರದಿಂದ ತಿಳಿಯುವುದಿಲ್ಲ. ಕೊನೆಗೆ ಅವನು ಆರಿಸಿಕೊಳ್ಳುವ ರತ್ನಗಳ ಸಂಖ್ಯೆಯಿಂದ ತಿಳಿಯುತ್ತದೆ.

ನ್ಯಾಯವಾದ ಖರ್ಚು ಎಷ್ಟು ಎಂಬುದಕ್ಕೂ ಅಳತೆಗೋಲುಗಳಿವೆ. ಓಡಾಟದಿಂದ ಟೈರು ಸವೆಯುವುದು, ಬಣ್ಣ ಮಾಸುವುದು ಸಹಜ. ಈ ಸವಕಳಿಯನ್ನು ಬಾಡಿಗೆಯಲ್ಲೇ ಸೇರಿಸಿರುತ್ತಾರೆ. ಅದಕ್ಕೆ ಮತ್ತೆ ಹಣ ಕೇಳುವುದೆಂದರೆ ಒಂದೇ ಸರಕಿಗೆ ಎರಡು ಬಾರಿ ಬೆಲೆ ಪಡೆದಂತೆ. ಹಳೆಯ ಬಂಪರಿಗೆ ಬದಲು ಹೊಸದನ್ನು ಹಾಕಿಸಿ ಪೂರ್ಣ ಬೆಲೆ ವಸೂಲು ಮಾಡಿದರೆ ಮಾಲೀಕನಿಗೆ ಹಾನಿ ತುಂಬಿದ್ದಲ್ಲದೆ ಲಾಭವೂ ಆಯಿತು. ಸಾಮಾನ್ಯ ಮೋಟಾರು ವಿಮಾ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಮತ್ತು ರಬ್ಬರಿನ ಭಾಗಗಳಿಗೆ ಶೇಕಡಾ 50ರಷ್ಟು ಸವಕಳಿ ಕಳೆದು ಪರಿಹಾರ ಕೊಡುವುದು ಇದೇ ತತ್ತ್ವದ ಮೇಲೆ. ವಿಮೆಯಿಂದ ಪಡೆದ ಹಣವನ್ನು ಗಿರಾಕಿಯಿಂದಲೂ ಪಡೆಯುವುದು ಹೀನಾಧಿಕ ಮಾನೋನ್ಮಾನವೆಂಬ ಅತಿಚಾರಕ್ಕೆ ಸಮೀಪವಾದುದು. ತಕ್ಕಡಿ ಕಾಣದಿದ್ದರೂ ತೂಕ ಸುಳ್ಳೇ. ಮತ್ತೊಂದು ಕಡೆ, ರಿಪೇರಿಯ ದಿನಗಳಲ್ಲಿ ವಾಹನ ನಿಂತು ಮಾಲೀಕನಿಗಾದ ನಷ್ಟವನ್ನು ಗಿರಾಕಿಯು ಅಲ್ಲಗಳೆಯುವುದೂ ನ್ಯಾಯವಲ್ಲ.

ದೇಶದ ಕಾನೂನೂ ಈ ದಿಕ್ಕಿನಲ್ಲಿಯೇ ಇದೆ. 1872ರ ಕರಾರು ಕಾಯಿದೆಯ 151ನೆಯ ಪ್ರಕರಣವು ಪರರ ವಸ್ತುವನ್ನು ಪಡೆದವನು, ಸಾಮಾನ್ಯ ವಿವೇಕಿಯು ತನ್ನ ಸ್ವಂತ ವಸ್ತುವಿನ ಬಗ್ಗೆ ವಹಿಸುವಷ್ಟು ಎಚ್ಚರ ವಹಿಸಬೇಕೆನ್ನುತ್ತದೆ. ಬಾಡಿಗೆಗೆ ಕೊಟ್ಟ ವಸ್ತುವಿನಲ್ಲಿದ್ದ ದೋಷದಿಂದ ಪಡೆದವನಿಗೆ ಹಾನಿಯಾದರೆ, ದೋಷ ತನಗೆ ತಿಳಿದಿರಲಿಲ್ಲವೆಂದು ಹೇಳಿ ಮಾಲೀಕನು ಪಾರಾಗಲಾರನೆಂದು 150ನೆಯ ಪ್ರಕರಣ ಹೇಳುತ್ತದೆ. ಕರಾರಿನಲ್ಲಿ ದಂಡದ ಮೊತ್ತ ಬರೆದಿದ್ದರೂ ಆ ಮಿತಿಯೊಳಗೆ ಸಮಂಜಸವಾದ ಪರಿಹಾರ ಮಾತ್ರ ಸಲ್ಲುತ್ತದೆಂಬುದು 74ನೆಯ ಪ್ರಕರಣದ ಸಾರ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ವಿಪರೀತ ಠೇವಣಿಯನ್ನೂ ನಷ್ಟಕ್ಕೆ ಹೊಂದದ ದಂಡವನ್ನೂ ಅನ್ಯಾಯದ ಕರಾರಿನ ಲಕ್ಷಣಗಳಲ್ಲಿ ಸೇರಿಸಿದೆ. ಮಾತಿನಿಂದ ಬಗೆಹರಿಯದಿದ್ದಾಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುವುದು ಕಲಹವಲ್ಲ, ಕ್ರಮ.

ಅತ್ಯಂತ ಕಠಿಣವಾದ ಸಂದರ್ಭವೆಂದರೆ, ನಿಜ ಏನೆಂದು ಯಾರಿಗೂ ತಿಳಿಯದಿರುವುದು. ರಾತ್ರಿ ಛತ್ರದ ಮುಂದೆ ನಿಲ್ಲಿಸಿದ್ದ ಕಾರಿಗೆ ಯಾರೋ ತಾಗಿಸಿ ಹೋಗಿರಬಹುದು. ಗೀರು ಮೊದಲೇ ಇದ್ದು ಯಾರ ಕಣ್ಣಿಗೂ ಬೀಳದಿದ್ದಿರಬಹುದು. ಇಲ್ಲಿ 'ಮೊದಲೇ ಇತ್ತು' ಎಂದು ಬಾಡಿಗೆದಾರನು ಆಣೆ ಮಾಡಿ ಹೇಳುವುದೂ, 'ನೀವೇ ಮಾಡಿದ್ದು' ಎಂದು ಮಾಲೀಕನು ಹೇಳುವುದೂ ಎರಡೂ ಏಕಾಂತವೇ. 'ಪಡೆಯುವಾಗ ನಾನು ನೋಡಿರಲಿಲ್ಲ, ಈಗ ಕಾಣುತ್ತಿದೆ, ಹೇಗಾಯಿತೋ ತಿಳಿಯದು' ಎಂಬುದಷ್ಟೇ ಸತ್ಯವಚನ. ಆದರೆ ಸ್ಯಾದ್ವಾದವನ್ನು ಹೊಣೆ ತಪ್ಪಿಸಿಕೊಳ್ಳುವ ಬಾಗಿಲಾಗಿ ಬಳಸಬಾರದು. ತಿಳಿಯದ ಹಾನಿಗೂ ಇಂತಿಷ್ಟರ ಮಿತಿಯವರೆಗೆ ತಾನು ಹೊಣೆಯೆಂದು ಕರಾರನ್ನು ಓದಿ ಒಪ್ಪಿದ್ದರೆ, ಆ ಮಿತಿಯವರೆಗೆ ತೆರುವುದು ಕೊಟ್ಟ ಮಾತನ್ನು ಉಳಿಸಿಕೊಳ್ಳುವುದೇ ಆಗಿದೆ. ಹಾಗೆ ಒಪ್ಪದೆ ಇದ್ದು, ತಕ್ಕ ಎಚ್ಚರವನ್ನೂ ವಹಿಸಿದ್ದರೆ ಸಂದೇಹದ ಹಣವನ್ನು ಕೇಳುವ ಹಕ್ಕು ಮಾಲೀಕನಿಗಿಲ್ಲ.

ಇಂಥ ಸಂದೇಹಗಳಲ್ಲಿ ಹೆಚ್ಚಿನವು ಮೊದಲ ಹತ್ತು ನಿಮಿಷದ ಪ್ರಮಾದದಿಂದ ಹುಟ್ಟುತ್ತವೆ. ಆದಾನ-ನಿಕ್ಷೇಪಣ ಸಮಿತಿಯೆಂದರೆ ವಸ್ತುವನ್ನು ತೆಗೆದುಕೊಳ್ಳುವಾಗಲೂ ಇಡುವಾಗಲೂ ನೋಡಿ, ಎಚ್ಚರದಿಂದ ವರ್ತಿಸುವುದು. ಜೀವದಯೆಗಾಗಿ ವಿಧಿಸಿದ ಈ ನಿಯಮವನ್ನು ಮುನಿಗಳು ಪೂರ್ಣವಾಗಿ ಪಾಲಿಸುತ್ತಾರೆ. ಗೃಹಸ್ಥನು ಅದರ ಅಭ್ಯಾಸವನ್ನು ವ್ಯವಹಾರಕ್ಕೂ ತಂದರೆ ಬಹಳಷ್ಟು ಕಷಾಯ ಹುಟ್ಟುವ ಮೊದಲೇ ಶಮನವಾಗುತ್ತದೆ. ವಾಹನವನ್ನು ಪಡೆಯುವಾಗ ನೌಕರನ ಸಮಕ್ಷಮದಲ್ಲಿ ನಾಲ್ಕೂ ಬದಿ, ಗಾಜು, ಚಕ್ರ, ಕಿಲೋಮೀಟರು, ಇಂಧನದ ಮಟ್ಟಗಳ ಚಿತ್ರ ತೆಗೆಯುವುದು; ಇರುವ ದೋಷಗಳನ್ನು ಬರೆಸಿ ಇಬ್ಬರೂ ರುಜು ಹಾಕುವುದು; ಹಿಂತಿರುಗಿಸುವಾಗ ಹಗಲಿನಲ್ಲಿ, ಆತುರವಿಲ್ಲದೆ, ಅದನ್ನೇ ಮತ್ತೆ ಮಾಡುವುದು; ಕಡಿತವಾದರೆ ಗ್ಯಾರೇಜಿನ ಬಿಲ್ಲನ್ನು ಕೇಳುವುದು. ಕೌಂಟರಿನ ಹಿಂದೆ ನಿಂತವನು ಸಂಬಳದ ನೌಕರನೆಂಬುದನ್ನೂ, ದರಪಟ್ಟಿಯನ್ನು ಬರೆದವನು ಅವನಲ್ಲವೆಂಬುದನ್ನೂ ನೆನಪಿಟ್ಟರೆ ನಾಲಿಗೆ ತಾನಾಗಿ ಹಿಡಿತಕ್ಕೆ ಬರುತ್ತದೆ.

ಈ ವಿಚಾರವು ವಾಹನಗಳಿಗಷ್ಟೇ ಸೀಮಿತವಲ್ಲ. ನಮ್ಮ ಬಸದಿಗಳ ಟ್ರಸ್ಟುಗಳು ಕಲ್ಯಾಣಮಂಟಪ, ಯಾತ್ರಿನಿವಾಸ, ಅಡಿಗೆಯ ಪಾತ್ರೆಗಳನ್ನು ಠೇವಣಿ ಪಡೆದು ಬಾಡಿಗೆಗೆ ಕೊಡುತ್ತವೆ. ಅಲ್ಲಿ ಒಡೆದ ಕುರ್ಚಿಗೆ, ಕಡಿಮೆಯಾದ ಲೋಟಕ್ಕೆ ಹಣ ಹಿಡಿಯುವಾಗ ಕೊಡುವ ಮೊದಲಿನ ಪಟ್ಟಿ ಇದೆಯೇ, ಹಿಡಿದ ಹಣದಿಂದ ಆ ಕುರ್ಚಿ ರಿಪೇರಿಯಾಯಿತೇ, ಅದೇ ಕುರ್ಚಿಗೆ ಮುಂದಿನ ಮದುವೆಯವರಿಂದಲೂ ಹಣ ಹಿಡಿಯಲಾಯಿತೇ ಎಂದು ಆಡಳಿತ ಮಂಡಳಿಗಳು ವರ್ಷಕ್ಕೊಮ್ಮೆಯಾದರೂ ಲೆಕ್ಕ ನೋಡಬೇಕು. ಧರ್ಮಸಂಸ್ಥೆಯ ಬೊಕ್ಕಸಕ್ಕೆ ಸೇರಿತೆಂಬ ಕಾರಣದಿಂದ ಅಪಹೃತವಾದ ನ್ಯಾಸವು ದಾನವಾಗುವುದಿಲ್ಲ. ಹೊರಗಿನ ವರ್ತಕನಿಂದ ಶ್ರಾವಕನು ಯಾವ ನ್ಯಾಯವನ್ನು ಅಪೇಕ್ಷಿಸುತ್ತಾನೋ ಅದು ಮೊದಲು ಬಸದಿಯ ಕಚೇರಿಯಲ್ಲಿ ದೊರೆಯುವಂತಾಗಲಿ.