ತಿಳಿಯದೆ ಪಟ್ಟ ಸುಖ

ನಮ್ಮ ಅತ್ತೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಹೊತ್ತಿನಲ್ಲಿ ನಾನು ಇಟಲಿಯ ಬೊಲೋನ್ಯ ಎಂಬ ಊರಿನಲ್ಲಿ ಒಂದು ಗೋಡೆಯ ಮೂಲೆಗೆ ಮುಖ ಮಾಡಿ ನಿಂತು ನಗುತ್ತಿದ್ದೆ. ಇದು ಆಮೇಲೆ ಗಡಿಯಾರ ಲೆಕ್ಕ ಹಾಕಿ ತಿಳಿದುಕೊಂಡದ್ದು. ಅಕ್ಟೋಬರ್ ತಿಂಗಳ ಆ ದಿನಗಳಲ್ಲಿ ಅಲ್ಲಿಗೂ ನಮಗೂ ಮೂರೂವರೆ ಗಂಟೆಯ ಅಂತರ. ಇಲ್ಲಿ ಸಂಜೆ ಏಳು ಗಂಟೆ, ದೇವರಿಗೆ ದೀಪ ಹಚ್ಚುವ ಮುಂಚೆ ಕಾಲು ತೊಳೆಯಲು ಹೋಗಿದ್ದಾರೆ. ಅಲ್ಲಿ ಮಧ್ಯಾಹ್ನ ಮೂರೂವರೆ, ನಾವು ಊಟ ಮುಗಿಸಿ ಊರಿನ ದೊಡ್ಡ ಚೌಕಕ್ಕೆ ಬಂದಿದ್ದೆವು.

2023ರ ದಸರೆ ರಜೆಯಲ್ಲಿ ನಾವು ನಾಲ್ವರು ಹೊರಟದ್ದು. ಗಣಿತದ ಮೇಡಂ, ಹಿಂದಿ ಮೇಡಂ, ನಿವೃತ್ತರಾದ ಹೊಲಿಗೆ ಟೀಚರ್ ಮತ್ತು ನಾನು. ಐದು ವರ್ಷ ಚೀಟಿ ಕಟ್ಟಿ ಕೂಡಿಸಿದ ಹಣ. ಗಣಿತದ ಮೇಡಂ ಮಗಳು ಅಲ್ಲಿ ಓದುತ್ತಿದ್ದಳು, ಅವಳೇ ತನ್ನ ಮನೆಯ ಹತ್ತಿರ ಎರಡು ಕೋಣೆ ಹಿಡಿದುಕೊಟ್ಟಳು. ಅತ್ತೆಗೆ ಆಗ ಎಂಬತ್ತೆರಡು. "ಅಲ್ಲಿ ಯಾವ ಕ್ಷೇತ್ರ ಇದೆ?" ಎಂದು ಕೇಳಿದರು. "ಕ್ಷೇತ್ರ ಏನಿಲ್ಲ ಅತ್ತೆ, ಊರು ನೋಡೋದು, ತಿನ್ನೋದು, ಬರೋದು" ಎಂದೆ. "ಅಷ್ಟಕ್ಕೆ ಅಷ್ಟು ದೂರ" ಎಂದು ಬತ್ತಿ ಹೊಸೆಯುವುದನ್ನು ಮುಂದುವರಿಸಿದರು. ಬೇಡ ಎನ್ನಲಿಲ್ಲ. ಶಿವಮೊಗ್ಗದಿಂದ ನಾದಿನಿ ಬಂದು ಇರುವುದೆಂದಾಯಿತು. ಮದುವೆಯಾಗಿ ಮೂವತ್ತು ವರ್ಷದಲ್ಲಿ, ಬಾಣಂತನಕ್ಕೆ ತವರಿಗೆ ಹೋದದ್ದು ಬಿಟ್ಟರೆ, ನಾನು ಹತ್ತು ದಿನ ಮನೆ ಬಿಟ್ಟಿದ್ದು ಅದೇ ಮೊದಲು.

ಬೊಲೋನ್ಯ ಕೆಂಪು ಇಟ್ಟಿಗೆಯ ಊರು. ವಿದ್ಯಾವಂತೆ, ಕೊಬ್ಬಿದವಳು, ಕೆಂಪಿನವಳು ಎಂದು ಅದಕ್ಕೆ ಮೂರು ಅಡ್ಡಹೆಸರು. ವಿದ್ಯೆ ಎನ್ನುವುದು 1088ರಿಂದ ನಡೆದು ಬಂದಿದೆ ಎನ್ನಲಾಗುವ ವಿಶ್ವವಿದ್ಯಾಲಯದಿಂದ, ಕೊಬ್ಬು ಅಡುಗೆಯಿಂದ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅಲ್ಲಿನ ಕಂಬದ ಸಾಲು. ನಮ್ಮ ಹಳೆಯ ಮನೆಗಳ ಜಗಲಿಗೆ ಮಾಡು ಹಾಕಿ, ಒಂದು ಮನೆಯಿಂದ ಇನ್ನೊಂದಕ್ಕೆ ತೂತಿಲ್ಲದಂತೆ ಜೋಡಿಸಿಬಿಟ್ಟರೆ ಹೇಗಿರುತ್ತದೋ ಹಾಗೆ. 1288ರಲ್ಲೇ ಊರಿನ ಕಾನೂನು ಬಂದಿತ್ತಂತೆ: ಮನೆ ಕಟ್ಟುವವನು ಮುಂದೆ ಕಮಾನು ಬಿಡಬೇಕು, ಜಾಗ ಅವನದು, ನಡೆಯುವ ಹಕ್ಕು ಎಲ್ಲರದು. ಊರಲ್ಲೆಲ್ಲ ಸೇರಿಸಿದರೆ 62 ಕಿಲೋಮೀಟರು. 2021ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಮಳೆ ಬಂದರೂ ಕೊಡೆ ಬಿಚ್ಚದೆ ಓಡಾಡಬಹುದಾದ ಊರಿಗೆ ಮಲೆನಾಡಿನ ಹೆಂಗಸು ಮರುಳಾಗದೆ ಇರುತ್ತಾಳೆಯೇ!

ಇನ್ನು ತಿನ್ನುವ ವಿಷಯ. ಹಿಂದಿ ಮೇಡಂಗೆ ಯಾವ ನಿಷೇಧವೂ ಇಲ್ಲ, ಅವರು ಮಾಂಸದ ಸಾರಿನ ತೋರ್ತೆಲ್ಲೀನಿಯಿಂದ ಶುರು ಮಾಡಿದರು. ಉಳಿದ ಮೂವರು ಸಸ್ಯಾಹಾರಿಗಳು. ನಮಗೆ ಸಿಕ್ಕಿದ್ದು ಅದರ ಅಕ್ಕ, ತೋರ್ತೆಲ್ಲೋನಿ. ನಮ್ಮ ಕಡುಬಿನ ಹಾಗೆಯೇ, ಒಳಗೆ ರಿಕೋತ್ತಾ ಎಂಬ ಮೆತ್ತನೆಯ ಹಾಲಿನ ಹೂರಣ, ಮೇಲೆ ಕರಗಿಸಿದ ಬೆಣ್ಣೆ, ಸೇಜ್ ಸೊಪ್ಪು, ಅದರ ಮೇಲೆ ಪಾರ್ಮಿಜಾನೋ ಎಂಬ ಗಟ್ಟಿ ಚೀಸ್‌ನ ತುರಿ. ಕಣಕಕ್ಕೆ ಮೊಟ್ಟೆ ಹಾಕುತ್ತಾರೆ. ಕೇಕಿನ ಹೆಸರಿನಲ್ಲಿ ಮೊಟ್ಟೆಯೊಡನೆ ನಾನು ಎಂದೋ ರಾಜಿಯಾಗಿದ್ದೆ. ಉಳಿದಂತೆ ಮೊದಲ ದಿನ ಪ್ರತಿ ತಟ್ಟೆಗೂ, ಇದರಲ್ಲಿ ಮೀನಿದೆಯೇ, ಕೊಬ್ಬಿದೆಯೇ ಎಂದು ಆ ಹುಡುಗಿಯ ಪ್ರಾಣ ತಿಂದೆ. ಚೀಸ್ ಬಗ್ಗೆ ಮಾತ್ರ ಕೇಳಲಿಲ್ಲ. ಹಾಲಿನದಲ್ಲವೇ? ಒಂದು ಗಾಲಿಯಷ್ಟು ದೊಡ್ಡದಕ್ಕೆ ಐನೂರು ಲೀಟರಿಗೂ ಹೆಚ್ಚು ಹಾಲು ಬೇಕು, ಕಡಿಮೆಯೆಂದರೂ ಹನ್ನೆರಡು ತಿಂಗಳು ಹಣ್ಣಾಗಬೇಕು ಎಂದು ಅಂಗಡಿಯವನು ಹೇಳಿದಾಗ, ಹುಡುಗಿ ಅನುವಾದ ಮಾಡುತ್ತ ಮಾಡುತ್ತ ಒಂದು ಕ್ಷಣ ತಡೆದಳು. ನಾನು ಅಷ್ಟರಲ್ಲಿ ಅರ್ಧ ಕಿಲೋ ಕಟ್ಟಿಸುತ್ತಿದ್ದೆ.

ಗುರುವಾರ ಮಧ್ಯಾಹ್ನ ದೊಡ್ಡ ಚೌಕದ ಪಕ್ಕದ ಹಳೆಯ ಅರಮನೆಯ ಕೆಳಗಿನ ಕಮಾನಿಗೆ ಹೋದೆವು. ಅಲ್ಲಿ ಒಂದು ವಿಚಿತ್ರ ಇದೆ. ನಾಲ್ಕು ಮೂಲೆಯಲ್ಲಿ ಒಂದು ಮೂಲೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಮೂಲೆಯಲ್ಲಿ ನಿಂತವರಿಗೆ ಕಿವಿಯಲ್ಲಿ ಹೇಳಿದ ಹಾಗೆ ಕೇಳುತ್ತದೆ. ಹಿಂದಿನ ಕಾಲದಲ್ಲಿ ಕುಷ್ಠರೋಗಿಗಳು ಪಾದ್ರಿಯ ಹತ್ತಿರ ಬರುವಂತಿಲ್ಲದ್ದರಿಂದ ಇಲ್ಲಿ ದೂರ ನಿಂತು ಪಾಪ ನಿವೇದನೆ ಮಾಡಿಕೊಳ್ಳುತ್ತಿದ್ದರೆಂದು ಹೇಳುತ್ತಾರೆ. ಹಿಂದಿ ಮೇಡಂ ಆಚೆ ಮೂಲೆಯಿಂದ, "ಏನು ಪಾಪ ಮಾಡಿದೀರಿ, ಹೇಳಿ ಮೇಡಂ" ಎಂದು ಕೇಳಿದರು. ನಾನು ಗೋಡೆಗೆ ಬಾಯಿಟ್ಟು, "ಮನೆ ನೆನಪೇ ಆಗ್ತಿಲ್ಲ ಕಣ್ರೀ" ಎಂದೆ. ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಆ ಹೊತ್ತೇ ಆ ಹೊತ್ತು.

ಮರುದಿನ ಫೋನ್ ಮಾಡಿದಾಗ ನಮ್ಮವರು, "ಅಮ್ಮ ಮಲಗಿದ್ದಾಳೆ, ಸ್ವಲ್ಪ ನೆಗಡಿ" ಎಂದರು. ಶನಿವಾರವೂ ಮಲಗಿದ್ದಾಳೆ ಎಂದರು. ಭಾನುವಾರ ನಾನು ಹಟ ಹಿಡಿದೆ, ಮುಖ ತೋರಿಸಿ ಎಂದೆ. ಮುಖ ಕಾಣಿಸಿತು, ದಿಂಬಿಗೆ ಒರಗಿದ್ದರು. "ಚೆನ್ನಾಗಿ ನೋಡ್ಕೊಂಡು ಬಾ, ಅವಸರ ಮಾಡಬೇಡ" ಎಂದರು. ಅವರ ತಲೆಯ ಹಿಂದೆ ತಿಳಿ ಹಸಿರು ಬಣ್ಣದ ಗೋಡೆ. ನಮ್ಮ ಮನೆಯ ಯಾವ ಗೋಡೆಗೂ ಹಸಿರು ಬಣ್ಣವಿಲ್ಲ.

ನೋಡಿದೆ. ಕೇಳಲಿಲ್ಲ. ಹೊರಗೆ ಮೂವರೂ ಚಪ್ಪಲಿ ಮೆಟ್ಟಿ ಕಾಯುತ್ತಿದ್ದರು. ಅಂದು ಗುಡ್ಡದ ಮೇಲಿನ ಸಾನ್ ಲೂಕಾ ಗುಡಿಗೆ ನಡೆದು ಹೋಗುವ ಕಾರ್ಯಕ್ರಮ. 666 ಕಮಾನು, ಹೆಚ್ಚುಕಡಿಮೆ ನಾಲ್ಕು ಕಿಲೋಮೀಟರು, ಬರುಬರುತ್ತ ಮೆಟ್ಟಿಲ ಏರು. ಮೇರಿಯ ಚಿತ್ರಪಟವನ್ನು ಮೆರವಣಿಗೆಯಲ್ಲಿ ತರುವಾಗ ಮಳೆಗೆ ನೆನೆಯಬಾರದೆಂದು 1674ರಲ್ಲಿ ಕಟ್ಟಲು ಶುರು ಮಾಡಿದ್ದು. ಹೊಲಿಗೆ ಟೀಚರ್ ಕಮಾನು ಎಣಿಸುತ್ತಾ ಬಂದು ಇನ್ನೂರರ ಹತ್ತಿರ ಲೆಕ್ಕ ತಪ್ಪಿದರು. ಮೇಲೆ ತಣ್ಣನೆಯ ಗಾಳಿ, ಕೆಳಗೆ ಕೆಂಪು ಊರು. ನನ್ನ ಜೀವನದ ಅತ್ಯಂತ ಹಗುರಾದ ದಿನ ಯಾವುದೆಂದು ಯಾರಾದರೂ ಕೇಳಿದರೆ ಅದನ್ನೇ ಹೇಳಬೇಕು. ಹಾಗೆ ಹೇಳಲು ಈಗ ನಾಲಿಗೆ ಏಳುವುದಿಲ್ಲ, ಅಷ್ಟೆ.

ಚೀಸ್ ಗುಟ್ಟು ಕೊನೆಯ ರಾತ್ರಿ ಬಿಚ್ಚಿತು. ಪೆಟ್ಟಿಗೆ ಕಟ್ಟುತ್ತಿದ್ದಾಗ ಹುಡುಗಿ ತಡೆಯಲಾರದೆ, "ಆಂಟಿ, ಒಂದು ಮಾತು, ಬೈಬೇಡಿ" ಎಂದಳು. ಪಾರ್ಮಿಜಾನೋ ಮಾಡಲು ಹಾಲನ್ನು ಒಡೆಯುವುದು ಎಳಗರುವಿನ ಹೊಟ್ಟೆಯಿಂದ ತೆಗೆದ ರಸದಿಂದ. ಹಾಲು, ಉಪ್ಪು, ಆ ರಸ, ಮೂರೇ. ಬೇರೆಯದನ್ನು ಬಳಸುವಂತೆಯೇ ಇಲ್ಲ. ನಾನು ಒಂಬತ್ತು ದಿನ ಎರಡು ಹೊತ್ತು ತಿಂದಿದ್ದೆ. "ಮೊದಲೇ ಯಾಕೆ ಹೇಳಲಿಲ್ಲ?" ಎಂದರೆ, "ನೀವು ಅಷ್ಟು ಖುಷಿಯಾಗಿ ತಿಂತಿದ್ರಿ" ಎಂದಳು. ಸಿಟ್ಟು ಬಂತು. ಆದರೆ ನಾಲಿಗೆಯ ಮೇಲೆ ಆ ರುಚಿ ಇನ್ನೂ ಇತ್ತು, ಅದು ಕೆಟ್ಟ ರುಚಿಯಾಗಿ ಬದಲಾಗಲಿಲ್ಲ.

ಬೆಂಗಳೂರಿನಲ್ಲಿ ಇಳಿದು ಕಾರು ಹತ್ತಿ ತುಮಕೂರು ದಾಟಿದ ಮೇಲೆ ನಮ್ಮವರು ವಿಷಯ ಹೇಳಿದರು. ಬಿದ್ದದ್ದು ಗುರುವಾರ, ಆಪರೇಷನ್ ಶನಿವಾರ, ಭಾನುವಾರ ನಾನು ನೋಡಿದ್ದು ನರ್ಸಿಂಗ್ ಹೋಮಿನ ಗೋಡೆ. "ಹೇಳಿದ್ದರೆ ನೀನು ಓಡಿ ಬರ್ತಿದ್ದೆ. ಬಂದು ಮೂಳೆ ಕೂಡಿಸ್ತಿದ್ದೆಯಾ?" ಎಂದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ದಿನವೂ ಸಂಜೆ ಅತ್ತೆಯ ಕೈ ಹಿಡಿದು ಬಚ್ಚಲಿಗೆ ಕರೆದೊಯ್ಯುತ್ತಿದ್ದವಳು ನಾನು ಎಂಬುದನ್ನು ಇಬ್ಬರೂ ಎತ್ತಲಿಲ್ಲ. ಹೇಳಬೇಡಿ ಎಂದವರು ಅತ್ತೆಯೇ ಅಂತೆ. "ಒಂದು ಸಲ ಹೋಗಿದ್ದಾಳೆ, ಇದ್ದು ಬರಲಿ" ಎಂದರಂತೆ.

ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ತಿಳಿಯದೆ ಪಟ್ಟ ಸುಖ ಸುಖವೇ? ಆ ಕಮಾನಿನ ಕೆಳಗೆ ನಕ್ಕ ನಗು ಆ ಕ್ಷಣದಲ್ಲಿ ಪೂರ್ತಿ ನಗುವೇ ಆಗಿತ್ತು, ಮುಂದೆ ಬಂದ ಸುದ್ದಿ ಹಿಂದಕ್ಕೆ ಹೋಗಿ ಅದನ್ನು ಅಳಿಸಲಾರದು, ಹೀಗೆ ಒಂದು ವಾದ. ಶುದ್ಧೋದನನಿಗೆ ಇದು ಒಪ್ಪಿಗೆಯಾಗುತ್ತಿತ್ತು. ಮಗನ ಕಣ್ಣಿಗೆ ಮುಪ್ಪು, ರೋಗ, ಸಾವು ಬೀಳದಂತೆ ಅರಮನೆ ಕಟ್ಟಿದ ತಂದೆ ಅವನು. ಆದರೆ ಒಮ್ಮೆ ಕಂಡ ಮೇಲೆ ಸಿದ್ಧಾರ್ಥನಿಗೆ ಆ ಅರಮನೆಯಲ್ಲಿ ಕೂರಲಾಗಲಿಲ್ಲ.

ಬಿ.ಎ.ಯಲ್ಲಿ ಜನ್ನನ 'ಯಶೋಧರ ಚರಿತೆ' ಓದಿದ್ದು ನೆನಪಾಗುತ್ತದೆ. ರಾಜ ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಜೀವವಿಲ್ಲದಿದ್ದರೂ ಕೊಲ್ಲುವ ಸಂಕಲ್ಪವಿತ್ತಲ್ಲ, ಅದಕ್ಕಾಗಿ ಅವನೂ ಅವನ ತಾಯಿಯೂ ಎಷ್ಟೋ ಜನ್ಮ ಪ್ರಾಣಿಗಳಾಗಿ ಹುಟ್ಟಿ ನರಳಿದರು. ಕೊಲ್ಲದೆಯೂ ಮನಸ್ಸಿನಿಂದ ಕೊಂದರೆ ಪಾಪ. ಹಾಗಿದ್ದರೆ ಮನಸ್ಸಿಲ್ಲದೆ ಕರುವಿನ ರಸ ತಿಂದವಳಿಗೆ ಪಾಪವಿಲ್ಲ, ಗೊತ್ತಿಲ್ಲದೆ ನಕ್ಕವಳಿಗೆ ತಪ್ಪಿಲ್ಲ. ಲೆಕ್ಕ ಚೊಕ್ಕವಾಗಿದೆ. ಆದರೆ ಈ ಲೆಕ್ಕ ನಿಲ್ಲುವುದು ನನಗೆ ನಿಜವಾಗಿ ಗೊತ್ತಿರಲಿಲ್ಲ ಎಂಬುದರ ಮೇಲೆ. ಆ ಹುಡುಗಿ ಅಂಗಡಿಯಲ್ಲಿ ತಡೆದದ್ದನ್ನು ನಾನು ಕಂಡಿದ್ದೆ. ಹಸಿರು ಗೋಡೆಯನ್ನೂ ಕಂಡಿದ್ದೆ. ಗೊತ್ತಿಲ್ಲದಿರುವುದು ಬೇರೆ, ಕೇಳದೆ ಇರುವುದು ಬೇರೆ. ಕೇಳಿದ್ದರೆ ಗೊತ್ತಾಗಿಬಿಡುತ್ತಿತ್ತು, ಅದಕ್ಕೇ ಕೇಳಲಿಲ್ಲ.

ಮುಚ್ಚಿಟ್ಟವರ ಕಡೆಯಿಂದಲೂ ನೋಡಬೇಕು, ಏಕೆಂದರೆ ನಾನೂ ಆ ಕೆಲಸ ಮಾಡಿದವಳೇ. ಎಷ್ಟೋ ವರ್ಷದ ಹಿಂದೆ ಹಾಸ್ಟೆಲಿನಲ್ಲಿದ್ದ ಒಬ್ಬ ಹುಡುಗಿಯ ಅಜ್ಜಿ ಎಸ್.ಎಸ್.ಎಲ್.ಸಿ. ಗಣಿತ ಪರೀಕ್ಷೆಯ ಹಿಂದಿನ ರಾತ್ರಿ ತೀರಿಕೊಂಡರು. ಅವಳನ್ನು ಸಾಕಿದವರೇ ಆ ಅಜ್ಜಿ. ಪರೀಕ್ಷೆ ಮುಗಿಯುವವರೆಗೆ ಹೇಳಬೇಡಿ ಎಂದು ಮನೆಯವರು ಕೇಳಿಕೊಂಡರು, ನಾವು ಒಪ್ಪಿದೆವು. ಮಗು ನಗುನಗುತ್ತಾ ಬರೆದು ಬಂತು, ಒಳ್ಳೆಯ ಅಂಕವೂ ಬಂತು. ಮುಂದೆ ಒಂದು ದಿನ ಸಿಕ್ಕಿದಾಗ, "ಟೀಚರ್, ಆವತ್ತು ಹಾಲ್ ಟಿಕೆಟ್ ಕೊಡುವಾಗ ನೀವು ನನ್ನ ತಲೆ ಸವರಿದಿರಿ. ನೀವು ಯಾರ ತಲೆಯನ್ನೂ ಸವರೋರಲ್ಲ. ಆಗಲೇ ನಾನು ಕೇಳಬೇಕಿತ್ತು" ಎಂದಳು. ನನ್ನನ್ನು ದೂರಲಿಲ್ಲ, ತನ್ನನ್ನೇ ದೂರಿಕೊಂಡಳು. ಅದು ನನಗೆ ಆಗ ಅರ್ಥವಾಗಿರಲಿಲ್ಲ.

ಇನ್ನೊಂದು ಸಣ್ಣ ಸಂಗತಿ. ಬೊಲೋನ್ಯದಲ್ಲಿ ಪಕ್ಕಪಕ್ಕದಲ್ಲಿ ಎರಡು ಹಳೆಯ ಗೋಪುರಗಳಿವೆ. ಅಸಿನೆಲ್ಲಿ 97 ಮೀಟರ್ ಎತ್ತರ, ಗರಿಸೆಂಡ 48. ಚಿಕ್ಕದು ಹೆದರಿಕೆಯಾಗುವಷ್ಟು ವಾಲಿದೆ. ಅಸಿನೆಲ್ಲಿಯ 498 ಮೆಟ್ಟಿಲು ಹತ್ತಿದ ವಿದ್ಯಾರ್ಥಿ ಡಿಗ್ರಿ ಮುಗಿಸುವುದಿಲ್ಲವೆಂಬ ನಂಬಿಕೆ ಇದೆ. ನನ್ನ ಬಿ.ಎ., ಬಿ.ಎಡ್. ಎಂದೋ ಮುಗಿದಿದೆ ಎಂದು ಹತ್ತಿದೆ. ಇಳಿದು ಬಂದು ಗರಿಸೆಂಡದ ಬುಡದಲ್ಲಿ ನಾಲ್ವರೂ ಫೋಟೋ ತೆಗೆಸಿಕೊಂಡೆವು. ನಾವು ಊರಿಗೆ ಬಂದ ಕೆಲವೇ ದಿನಗಳಲ್ಲಿ, ಅದೇ ಅಕ್ಟೋಬರ್ ಕೊನೆಗೆ, ಆ ಗೋಪುರದ ಸ್ಥಿತಿ ಚಿಂತಾಜನಕವಾಗಿದೆಯೆಂದು ಸುತ್ತಲಿನ ಜಾಗವನ್ನೆಲ್ಲ ಮುಚ್ಚಿದರು. ಫೋಟೋ ನಮ್ಮ ಹಾಲಿನಲ್ಲಿದೆ. ಬಂದವರು, "ಎಷ್ಟು ನಗ್ತಿದೀರಿ!" ಎನ್ನುತ್ತಾರೆ.

ಅತ್ತೆ ಆಸ್ಪತ್ರೆಯಿಂದ ಬಂದ ಮೇಲೆ ಒಂದು ಮಧ್ಯಾಹ್ನ ಅವರ ಕಾಲಿಗೆ ಎಣ್ಣೆ ಸವರುತ್ತಿದ್ದೆ. "ಏನೇನು ತಿಂದೆ, ಒಂದೂ ಹೇಳಲೇ ಇಲ್ಲವಲ್ಲ" ಎಂದರು. ಕಡುಬಿನ ಹಾಗಿರುವುದನ್ನು ಹೇಳಿದೆ. "ಒಳಗೆ ಏನು ಹೂರಣ?" ಎಂದರು. "ಹಾಲಿನದು ಅತ್ತೆ, ನಮ್ಮ ಗಿಣ್ಣಿನ ಹಾಗೆ." ಗಿಣ್ಣು ಎಂದರೆ ಅವರಿಗೆ ಪ್ರಾಣ. "ಏನಾದರೂ ತಂದಿದ್ದೀಯಾ? ಒಂದು ಚೂರು ಕೊಡು, ನೋಡೋಣ." ಡ್ರಾಯಿಂಗ್ ಮೇಷ್ಟ್ರ ಮನೆಗೆ ಕೊಡೋಣವೆಂದು ಎತ್ತಿಟ್ಟಿದ್ದ ಆ ಅರ್ಧ ಕಿಲೋ ಚೀಸ್ ಆಗ ಫ್ರಿಜ್ಜಿನಲ್ಲೇ ಇತ್ತು. "ತಂದಿದ್ದೆ. ದಾರಿಯಲ್ಲಿ ಕೆಟ್ಟುಹೋಯಿತು" ಎಂದೆ.

ಅತ್ತೆ ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. "ಆಗಲಿ ಬಿಡು" ಎಂದರು. "ಅದೇನೋ ಕಮಾನು ಅಂದ್ಯಲ್ಲ, ಗುಡ್ಡದವರೆಗೂ ಇದೆ ಅಂತ. ಅದನ್ನು ಹೇಳು." ನಾನು ಕಾಲು ಒತ್ತುತ್ತಾ ಊರ ಬಾಗಿಲ ಮೊದಲ ಕಮಾನಿನಿಂದ ಶುರು ಮಾಡಿದೆ.