ಎರಡು ಹಕ್ಕಿಗಳ ಕಾಣಿಕೆ



ಫೆಬ್ರವರಿ 2ರಂದು ಪ್ರಭುವಿನ ಸಮರ್ಪಣೆಯ ಹಬ್ಬ. ಆ ದಿನ ಮೇಣದಬತ್ತಿಗಳನ್ನು ಆಶೀರ್ವದಿಸುತ್ತೇವೆ, ವೃದ್ಧ ಸಿಮೆಯೋನನ ಮಾತುಗಳನ್ನು ಕೇಳುತ್ತೇವೆ, ಬತ್ತಿಯನ್ನು ಮನೆಗೆ ಕೊಂಡೊಯ್ದು ಗುಡುಗು ಸಿಡಿಲಿನ ದಿನಕ್ಕೆಂದು ಎತ್ತಿಡುತ್ತೇವೆ. ಆ ದಿನದ ಶುಭಸಂದೇಶದ ನಡುವೆ ಒಂದು ಸಣ್ಣ ಸಂಗತಿ ಇದೆ. ಗುರುವಾಗಿ ಹದಿನೈದು ವರ್ಷ ಅದನ್ನು ಪೀಠದ ಮುಂದೆ ನಿಂತು ಓದಿದ್ದೇನೆ. ಒಂದು ವರ್ಷವೂ ಅದರ ಬಗ್ಗೆ ಪ್ರಬೋಧನೆ ಮಾಡಿರಲಿಲ್ಲ.

ಗಂಡುಮಗು ಹುಟ್ಟಿ ನಲವತ್ತು ದಿನಗಳಾದ ಮೇಲೆ ತಾಯಿ ದೇವಾಲಯಕ್ಕೆ ಬಂದು ಒಂದು ಕುರಿಮರಿಯನ್ನೂ ಒಂದು ಹಕ್ಕಿಯನ್ನೂ ಒಪ್ಪಿಸಬೇಕೆಂಬುದು ಮೋಶೆಯ ನಿಯಮ. ಕುರಿಮರಿ ತರುವ ಶಕ್ತಿ ಇಲ್ಲದವಳಿಗೆ ಅದೇ ನಿಯಮ ರಿಯಾಯಿತಿಯನ್ನೂ ಕೊಡುತ್ತದೆ: ಎರಡು ಹಕ್ಕಿಗಳು ಸಾಕು (ಯಾಜಕಕಾಂಡ 12:8). ಮರಿಯಮ್ಮ ಮತ್ತು ಜೋಸೆಫರು ತಂದದ್ದು ಹಕ್ಕಿಗಳನ್ನು ಎಂದು ಸಂತ ಲೂಕರು ಬರೆಯುತ್ತಾರೆ (ಲೂಕ 2:24). ಎಂದರೆ, ದೇವದೂತರು ಹಾಡಿ ಸ್ವಾಗತಿಸಿದ ಮಗುವಿನ ತಂದೆತಾಯಿ ಬಡವರ ಸಾಲಿನಲ್ಲಿ ನಿಂತು, ಬಡವರಿಗೆ ಗೊತ್ತುಮಾಡಿದ ಕಾಣಿಕೆಯನ್ನು ಕೊಟ್ಟು ಬಂದರು. ಚೊಚ್ಚಲ ಮಗ, ಇನ್ನೊಮ್ಮೆ ಬರುವ ಸಂದರ್ಭವಲ್ಲ. ಆದರೂ ಕುರಿಮರಿ ಬರಲಿಲ್ಲ.

ಇದು ನನ್ನ ಕಣ್ಣಿಗೆ ಬಿದ್ದದ್ದು ಧರ್ಮಶಾಸ್ತ್ರದ ಪುಸ್ತಕದಿಂದಲ್ಲ. ನಮ್ಮ ಧರ್ಮಕೇಂದ್ರದ ಒಬ್ಬ ತಾಯಿ ತಂದು ತೋರಿಸಿದ ಲೆಕ್ಕದ ಪುಸ್ತಕದಿಂದ.

ಒಂದು ವರ್ಷ ತಪಸ್ಸುಕಾಲದ ಮೊದಲನೆಯ ಭಾನುವಾರ ನಾನು ಮಿತವ್ಯಯದ ಬಗ್ಗೆ ಪ್ರಬೋಧನೆ ಮಾಡಿದೆ. ಪ್ರಬೋಧನೆ ಚೆನ್ನಾಗಿತ್ತು ಎಂದೇ ನನಗೆ ಅನ್ನಿಸಿತ್ತು. ಖರ್ಚು ಕಡಿಮೆ ಮಾಡಿ, ಉಳಿಸಿದ್ದನ್ನು ಬಡವರಿಗೆ ಕೊಡಿ, ಬೇಕಾದದ್ದಕ್ಕೂ ಬಯಸಿದ್ದಕ್ಕೂ ಇರುವ ವ್ಯತ್ಯಾಸ ತಿಳಿಯಿರಿ ಎಂದೆಲ್ಲಾ ಹೇಳಿದೆ. ಮರುವಾರ ಸಂಜೆ ಆ ತಾಯಿ ಗುರುನಿವಾಸಕ್ಕೆ ಬಂದರು. ಕಂಕುಳಲ್ಲಿ ಒಂಬತ್ತು ತಿಂಗಳ ಮಗು, ಸೆರಗು ಹಿಡಿದು ನಾಲ್ಕು ವರ್ಷದ ಹುಡುಗಿ. ಹಿರಿಮಗ ಧರ್ಮೋಪದೇಶದ ತರಗತಿಯಲ್ಲಿದ್ದ. ಆ ಮೇ ತಿಂಗಳಲ್ಲಿ ಅವನ ಪ್ರಥಮ ಪರಮಪ್ರಸಾದ. ಮಗನ ಹಳೆಯ ಬರೆಯುವ ಪುಸ್ತಕದ ಉಳಿದ ಹಾಳೆಗಳಲ್ಲಿ ಬರೆದಿದ್ದ ಲೆಕ್ಕವನ್ನು ಮೇಜಿನ ಮೇಲಿಟ್ಟರು.

“ಸ್ವಾಮಿ, ಖರ್ಚು ಕಮ್ಮಿ ಮಾಡಿ ಅಂದ್ರಲ್ಲ. ಇದ್ರಲ್ಲಿ ಎಲ್ಲಿ ಕಮ್ಮಿ ಮಾಡ್ಲಿ ಅಂತ ನೀವೇ ಹೇಳಿ.”

ಸಿಟ್ಟಿನ ಮಾತಲ್ಲ. ನಿಜವಾಗಿಯೂ ಕೇಳಿದರು.

ಗಂಡ ಬಣ್ಣ ಬಳಿಯುವ ಕೆಲಸದವರು. ಮಳೆಗಾಲ ಬಿಟ್ಟರೆ ತಿಂಗಳಿಗೆ 16,000 ರೂಪಾಯಿ ಬರುತ್ತಿತ್ತು. ಮನೆ ಬಾಡಿಗೆ 4,500. ಹಿರಿಯವನ ಶಾಲೆ ಮತ್ತು ಆಟೋ 1,800, ಎರಡನೆಯವಳ ನರ್ಸರಿ 800, ದಿನಸಿ 3,500, ಹಾಲು 750. ನಡುವೆ ಒಂದು ಸಾಲು: “ಬಡ್ಡಿ 900”. ಅದರ ಮೇಲೆ ಬೆರಳಿಟ್ಟು ಕೇಳಿದೆ. ಆಕೆ ಮಗುವಿನ ತಲೆಯತ್ತ ನೋಡಿದರು.

ಮಗುವಿನ ಸ್ನಾನದೀಕ್ಷೆಗೆ ಮಾಡಿದ ಸಾಲ. ಸಭಾಂಗಣ, ಶಾಮಿಯಾನ, ನೂರೈವತ್ತು ಜನಕ್ಕೆ ಬಿರಿಯಾನಿ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ 30,000. ಏಳು ತಿಂಗಳಲ್ಲಿ 6,300 ರೂಪಾಯಿ ಕಟ್ಟಿದ್ದರು. ಅಸಲು ಒಂದು ರೂಪಾಯಿ ಕರಗಿರಲಿಲ್ಲ. ಮೇ ತಿಂಗಳ ಪರಮಪ್ರಸಾದದ ಉಡುಪಿಗೆ, ಊಟಕ್ಕೆ ಇನ್ನೂ 15,000 ಕೇಳಿಟ್ಟಿದ್ದರು.

ಪ್ರಿಯರೇ, ಆ ಸ್ನಾನದೀಕ್ಷೆಯನ್ನು ಕೊಟ್ಟವನು ನಾನು. ಆ ಬಿರಿಯಾನಿಯನ್ನು ತಿಂದವನೂ ನಾನು. ಊಟ ಬಹಳ ಚೆನ್ನಾಗಿದೆ ಎಂದು ಹೊಗಳಿ ಬಂದಿದ್ದೆ.

ಹಾಗಾದರೆ ಈ 900 ರೂಪಾಯಿಯನ್ನು ಎಲ್ಲಿಂದ ತೆಗೆಯುತ್ತಿದ್ದರು? ಪುಸ್ತಕದ ಹಿಂದಿನ ಪುಟಗಳನ್ನು ತಿರುವಿದಾಗ ತಿಳಿಯಿತು. ಮೊದಲು ದಿನಕ್ಕೆ ಒಂದು ಲೀಟರ್ ಇದ್ದ ಹಾಲು ಅರ್ಧ ಲೀಟರಾಗಿತ್ತು. ಮೊಟ್ಟೆ ಹಿರಿಯ ಹುಡುಗನಿಗೆ ಮಾತ್ರ. “ಮತ್ತೆ ನೀನು ಏನಮ್ಮಾ ತಿಂತೀಯ?” ಎಂದು ಕೇಳಿದೆ. “ನಂಗೆ ರಾತ್ರಿ ಹಸಿವೇ ಆಗಲ್ಲ ಸ್ವಾಮಿ” ಎಂದರು. ಮಗುವಿಗೆ ಇನ್ನೂ ಎದೆಹಾಲು ಕುಡಿಸುತ್ತಿದ್ದ ತಾಯಿ! ಬಾಡಿಗೆಗೆ, ಬಡ್ಡಿಗೆ, ಗಂಡನ ಬೈಕಿನ ಪೆಟ್ರೋಲಿಗೆ, ಎರಡು ಮೊಬೈಲುಗಳ ರೀಚಾರ್ಜಿಗೆ ಆ ಪುಸ್ತಕದಲ್ಲಿ ಸಾಲುಗಳಿದ್ದವು. ಆಕೆಯ ಹೆಸರಿನಲ್ಲಿ ಒಂದು ಸಾಲೂ ಇರಲಿಲ್ಲ.

ಮನೆಯ ಖರ್ಚು ಕಡಿಮೆ ಮಾಡಿ ಎಂದು ನಾವು ಪೀಠದಿಂದ ಹೇಳುವಾಗ, ಹೆಚ್ಚಿನ ಮನೆಗಳಲ್ಲಿ ಆ ಕತ್ತರಿ ಮೊದಲು ಬೀಳುವುದು ತಾಯಿಯ ತಟ್ಟೆಯ ಮೇಲೆ. ನಂತರ ಮಕ್ಕಳ ಹಾಲಿನ ಮೇಲೆ. ಹಬ್ಬದ ಖರ್ಚಿನ ಮೇಲೆ ಬೀಳುವುದೇ ಇಲ್ಲ. ಶನಿವಾರ ಸಂಜೆಯ ಬಾಟಲಿಯ ಮೇಲಂತೂ ಬೀಳುವುದಿಲ್ಲ. (ಈ ಮಾತು ತೆಗೆದರೆ ನಮ್ಮ ದೇವಾಲಯದಲ್ಲಿ ಹಿಂದಿನ ಬೆಂಚಿನವರಿಗೆ ತಕ್ಷಣ ಕೆಮ್ಮು ಬರುತ್ತದೆ, ಆದ್ದರಿಂದ ಇಲ್ಲಿ ಬರೆದುಬಿಟ್ಟೆ.)

ಗುರುವಿದ್ಯಾಮಂದಿರದಲ್ಲಿ ಗ್ರೀಕ್ ಭಾಷೆಯ ಒಂದು ಪದವನ್ನು ಕಲಿತಿದ್ದೆವು: ಓಯ್ಕೊನೊಮಿಯ. ಮನೆಯನ್ನು ನಡೆಸುವುದು ಎಂದು ಅದರ ಅರ್ಥ. ನಮ್ಮ ಹಿರಿಯರ ‘ಮನೆವಾರ್ತೆ’ ಎಂಬ ಮಾತು ಅದಕ್ಕೆ ಸರಿಯಾಗಿ ಹೊಂದುತ್ತದೆ. ಧರ್ಮಸಭೆಯ ಪಿತೃಗಳು ದೇವರ ರಕ್ಷಣಾ ಯೋಜನೆಯನ್ನು ಹೆಸರಿಸಲು ಇದೇ ಪದವನ್ನು ಬಳಸಿದರು. ಲೋಕದ ರಕ್ಷಣೆ ದೇವರ ಮನೆವಾರ್ತೆ! ಸಂತ ಥಾಮಸ್ ಅಕ್ವಿನಾಸರು ವಿವೇಕ ಎಂಬ ಸದ್ಗುಣವನ್ನು ವಿವರಿಸುವಾಗ, ರಾಜ್ಯವನ್ನಾಳುವ ವಿವೇಕದ ಜೊತೆಗೆ ಮನೆಯನ್ನು ನಡೆಸುವ ವಿವೇಕಕ್ಕೂ ಬೇರೆ ಸ್ಥಾನ ಕೊಟ್ಟಿದ್ದಾರೆ. ಪರೀಕ್ಷೆಗೆ ಇದನ್ನು ಬಾಯಿಪಾಠ ಮಾಡಿ ಅಂಕ ಪಡೆದಿದ್ದೆ. ಆ ವಿವೇಕವನ್ನು ಕಣ್ಣಾರೆ ಕಂಡದ್ದು ಆ ಹಳೆಯ ಬರೆಯುವ ಪುಸ್ತಕದಲ್ಲಿ. ಆದರೆ ಅದರಲ್ಲಿ ಒಂದು ಕೊರತೆಯೂ ಇತ್ತು. ಪ್ರಭು ಯೇಸು ನಂಬಿಗಸ್ತ ಮನೆವಾರ್ತೆಗಾರನನ್ನು ವರ್ಣಿಸುವಾಗ, ಮನೆಯವರೆಲ್ಲರಿಗೂ ಹೊತ್ತಿಗೆ ಸರಿಯಾಗಿ ಅವರವರ ಪಾಲಿನ ಆಹಾರ ಅಳೆದು ಕೊಡುವುದನ್ನೇ ಅವನ ಕೆಲಸವೆನ್ನುತ್ತಾರೆ (ಲೂಕ 12:42). ಎಷ್ಟು ಉಳಿಸಿದ ಎಂದು ಅಲ್ಲಿ ಕೇಳುವುದಿಲ್ಲ. ಅಳೆದು ಕೊಡುವವಳೂ ಆ ಮನೆಯವರಲ್ಲಿ ಒಬ್ಬಳಲ್ಲವೇ?

ಆ ಸಂಜೆ ಕಾನ್ವೆಂಟಿನ ನರ್ಸ್ ಸಿಸ್ಟರನ್ನು ಕರೆಸಿದೆ. ಲೆಕ್ಕದ ವಿಷಯದಲ್ಲಿ ಸಿಸ್ಟರ್ ನನಗಿಂತ ಜಾಣರು. ದಿನಸಿಯ ಪಟ್ಟಿಯಲ್ಲಿದ್ದ ಡಬ್ಬಿಯ ಪೌಷ್ಟಿಕ ಪುಡಿಯನ್ನು ಮೊದಲು ಹೊಡೆದುಹಾಕಿದರು. ಮೊಳಕೆ ಕಟ್ಟಿದ ರಾಗಿಯನ್ನು ಒಣಗಿಸಿ, ಹುರಿದು, ಬೀಸಿ, ಬಟ್ಟೆಯಲ್ಲಿ ಸೋಸಿಟ್ಟರೆ ಮಗುವಿಗೆ ಸರಿಹಿಟ್ಟಾಯಿತು. ಮೊಳಕೆ ಬಂದ ಹಿಟ್ಟಿನ ಸರಿ ಗಟ್ಟಿಯಾಗದೆ ತೆಳ್ಳಗಿರುವುದರಿಂದ ಸಣ್ಣ ಹೊಟ್ಟೆಗೂ ಹೆಚ್ಚು ಹಿಟ್ಟು ಹೋಗುತ್ತದೆ ಎಂದು ವಿವರಿಸಿದರು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದಂಶ ಇದೆ. ಅಷ್ಟೇ ತೂಕದ ಹಾಲಿನಲ್ಲಿರುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಹಾಗೆಂದು ಹಾಲು ನಿಲ್ಲಿಸಬೇಡ ಎಂದು ಕೂಡಲೇ ಎಚ್ಚರಿಸಿದರು. ಹಿತ್ತಲಿನ ನುಗ್ಗೆ ಸೊಪ್ಪು, ಹೆಸರುಕಾಳು, ಕಡಲೆಬೀಜ, ಇವು ಯಾವುದೂ ಜಾಹೀರಾತಿನಲ್ಲಿ ಬರುವುದಿಲ್ಲ. ಹತ್ತು ರೂಪಾಯಿಯ ಕುರುಕಲು ಪೊಟ್ಟಣ ಇಬ್ಬರು ಮಕ್ಕಳಿಗೆ ದಿನಾ ಒಂದೊಂದು ಎಂದರೆ ತಿಂಗಳಿಗೆ 600. ಎಣ್ಣೆ, ಸೋಪಿನ ಪುಡಿಗಳನ್ನು ಚಿಲ್ಲರೆ ಪೊಟ್ಟಣಗಳಲ್ಲಿ ದಿನಾ ಕೊಳ್ಳುವ ಬದಲು ತಿಂಗಳಿಗೊಮ್ಮೆ ತಂದರೆ ಅಲ್ಲೂ ಸ್ವಲ್ಪ ಉಳಿಯುತ್ತದೆ. ಆದರೆ ಇದಕ್ಕೆ ತಿಂಗಳ ಮೊದಲಲ್ಲೇ ಕೈಯಲ್ಲಿ ಕಾಸಿರಬೇಕು. ದಿನಗೂಲಿಯವರಿಗೆ ಅದು ಸುಲಭವಲ್ಲ. ಬಡವರು ಸಣ್ಣ ಪೊಟ್ಟಣ ಕೊಳ್ಳುವುದು ಬುದ್ಧಿಯಿಲ್ಲದೆ ಅಲ್ಲ.

ಇನ್ನು ಆ ನರ್ಸರಿಯ 800 ರೂಪಾಯಿ. ಬೀದಿಯ ಕೊನೆಯಲ್ಲೇ ಅಂಗನವಾಡಿ ಇದೆ. “ಅಲ್ಲಿಗೆ ಕಳಿಸಿದ್ರೆ ಜನ ಏನಂದುಕೋತಾರೆ ಸ್ವಾಮಿ?” ಎಂದರು. ಅಂಗನವಾಡಿಗಳ ಯೋಜನೆ ದೇಶದಲ್ಲಿ ಪ್ರಾರಂಭವಾದದ್ದು 1975ರ ಅಕ್ಟೋಬರ್ 2ರಂದು, 33 ಕಡೆಗಳಲ್ಲಿ. ಅವುಗಳಲ್ಲಿ ಒಂದು ನಮ್ಮ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ನಮ್ಮ ತೆರಿಗೆಯಿಂದ ನಡೆಯುವ ಈ ಮನೆಗಳಲ್ಲಿ ಆರು ವರ್ಷದವರೆಗಿನ ಮಕ್ಕಳಿಗೆ ಪೂರಕ ಆಹಾರವಿದೆ. 2017ರಲ್ಲಿ ಮಾತೃಪೂರ್ಣ ಯೋಜನೆ ಬಂದಾಗ ಗರ್ಭಿಣಿಯರಿಗೆ, ಬಾಣಂತಿಯರಿಗೆ ಅಲ್ಲೇ ಬಿಸಿಯೂಟ ಬಡಿಸುವ ಏರ್ಪಾಡಾಯಿತು. ನಮ್ಮ ಈ ತಾಯಿ ನಾಚಿಕೆಯಿಂದ ಒಂದು ದಿನವೂ ಹೋಗಿರಲಿಲ್ಲ. ಮಗುವಿಗೆ ಆಗಲೇ ಒಂಬತ್ತು ತಿಂಗಳು. ಬಾಣಂತಿಯ ಊಟದ ಅವಧಿ ಮುಗಿದುಹೋಗಿತ್ತು. ಸಾಲದ ಬಿರಿಯಾನಿ ಬಡಿಸಲು ನಾಚಿಕೆಯಿಲ್ಲ, ಹಕ್ಕಿನ ಊಟ ಉಣ್ಣಲು ನಾಚಿಕೆ! ಇದನ್ನು ನಮಗೆ ಯಾರು ಕಲಿಸಿದರು? ದೇವಾಲಯದ ಅಂಗಳದಲ್ಲೇ ಕಲಿತದ್ದಲ್ಲವೇ? ಯಾರ ಮಗುವಿನ ಉಡುಪು ಹೇಗಿತ್ತು, ಯಾರ ಮನೆಯ ಊಟದಲ್ಲಿ ಎಷ್ಟು ಬಗೆಯಿತ್ತು ಎಂದು ಬಲಿಪೂಜೆ ಮುಗಿದ ಐದು ನಿಮಿಷದಲ್ಲಿ ತೂಗಿ ನೋಡುವವರು ನಾವೇ.

ಇಲ್ಲಿ ಇನ್ನೊಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಮಿತವ್ಯಯದ ಉಪದೇಶ ಕಡಿಮೆ ಕೂಲಿ ಕೊಡುವವರಿಗೆ ನೆಪವಾಗಬಾರದು. ದುಡಿಯುವವನ ಸಂಬಳ ಅವನ ಸಂಸಾರ ಮರ್ಯಾದೆಯಿಂದ ಬದುಕುವಷ್ಟಿರಬೇಕೆಂಬುದು ಧರ್ಮಸಭೆಯ ಬೋಧನೆ. 1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋರವರು ‘ರೇರುಂ ನೊವಾರುಂ’ ವಿಶ್ವಪತ್ರದಲ್ಲಿ ನ್ಯಾಯವಾದ ಕೂಲಿಯ ಪ್ರಶ್ನೆ ಎತ್ತಿದರು. 1981ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ‘ಲಬೋರೆಂ ಎಕ್ಸೆರ್ಚೆನ್ಸ್’ ಪತ್ರದಲ್ಲಿ ಕುಟುಂಬಕ್ಕೆ ಸಾಕಾಗುವ ವೇತನ ಎಂದು ಸ್ಪಷ್ಟವಾಗಿಯೇ ಬರೆದರು. ನಮ್ಮಲ್ಲಿ ಮನೆಗೆಲಸಕ್ಕೆ, ತೋಟಕ್ಕೆ, ಅಂಗಡಿಗೆ ಆಳು ಇಟ್ಟುಕೊಂಡವರೂ ಇದ್ದಾರೆ. ಅವರು ಈ ಪುಟವನ್ನು ಎರಡು ಸಲ ಓದಲಿ.

ಮರುದಿನ ಗಂಡ ಬಂದರು, ಬಣ್ಣ ಮೆತ್ತಿದ ಕೈಗಳಲ್ಲೇ. ಹೆಂಡತಿ ಮನೆಯ ಲೆಕ್ಕವನ್ನು ಹೊರಗೆ ತೋರಿಸಿದ್ದಕ್ಕೆ ಅವರಿಗೆ ಬೇಸರವಾಗಿತ್ತು. “ಮಕ್ಕಳಿಗೆ ಮಾಡ್ದೆ ಇನ್ಯಾರಿಗೆ ಮಾಡ್ಲಿ ಸ್ವಾಮಿ? ನಾನೂ ನಾಲ್ಕು ಜನರ ಮನೇಲಿ ಉಂಡು ಬಂದಿದ್ದೀನಿ” ಎಂದರು. ನಾನು ವಾದ ಮಾಡಲಿಲ್ಲ. ಬೈಬಲ್ ತೆರೆದು ಆ ಎರಡು ಹಕ್ಕಿಗಳ ಸಂಗತಿಯನ್ನು ಓದಿ, ನಿಯಮದ ಅರ್ಥ ಬಿಡಿಸಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಒಂದು ಪ್ರಶ್ನೆ ಕೇಳಿದರು:

“ಕುರಿ ತಂದವರ ಪಕ್ಕ ನಿಂತಾಗ ಜೋಸೆಫರಿಗೆ ನಾಚಿಕೆ ಆಗ್ಲಿಲ್ವಾ ಸ್ವಾಮಿ?”

ಯಾವ ವ್ಯಾಖ್ಯಾನದಲ್ಲೂ ನಾನು ಈ ಪ್ರಶ್ನೆಯನ್ನು ಓದಿರಲಿಲ್ಲ. “ಆಗಿರಬಹುದು” ಎಂದೆ. ಆಗಿದ್ದರೂ ಹಕ್ಕಿಗಳನ್ನೇ ತಂದರಲ್ಲ ಎಂದು ಆಮೇಲೆ ಸೇರಿಸಿದೆ. ಅವರು ತಲೆಯಾಡಿಸಿ ಹೋದರು. ಮನಸ್ಸು ಬದಲಾಯಿತೋ ಇಲ್ಲವೋ ಆಗ ತಿಳಿಯಲಿಲ್ಲ.

ನನ್ನ ಪಾಲಿನ ಕೆಲಸವನ್ನು ನಾನು ಮಾಡಬೇಕಿತ್ತು. ಪಾಲನಾ ಮಂಡಳಿಯ ಸಭೆ ಕರೆದೆ. ಪ್ರಥಮ ಪರಮಪ್ರಸಾದದ ಬಿಳಿ ಉಡುಪುಗಳನ್ನು ಹಿಂದಿನ ವರ್ಷಗಳ ಮಕ್ಕಳ ಮನೆಗಳಿಂದ ಬೇಡಿ ತಂದು, ಒಗೆದು, ದೇವಾಲಯದ ಬೀರುವಿನಲ್ಲಿಟ್ಟು ಎಲ್ಲಾ ಮಕ್ಕಳಿಗೂ ಅಲ್ಲಿಂದಲೇ ಕೊಡೋಣ. ಊಟ ಒಂದೇ, ದೇವಾಲಯದ ಅಂಗಳದಲ್ಲಿ, ಅಕ್ಕಿ ಬೇಳೆ ಅವರವರ ಶಕ್ತಿಯಷ್ಟು ಎಂದೆ. ಒಬ್ಬ ಹಿರಿಯರು ಎದ್ದು, “ಇದ್ದವರು ಮಾಡಿದರೆ ನಿಮಗೇನು ಕಷ್ಟ ಸ್ವಾಮಿ?” ಎಂದು ಕೇಳಿದರು. ಇದ್ದವರು ಮಾಡುವುದನ್ನು ನೋಡಿಯೇ ಇಲ್ಲದವರು ಸಾಲ ಮಾಡುತ್ತಾರೆ ಎಂದೆ. ಅವರು ಒಪ್ಪಲಿಲ್ಲ. ಆ ವರ್ಷ 23 ಮಕ್ಕಳಲ್ಲಿ 21 ಮನೆಯವರು ಬಂದರು. ಎರಡು ಮನೆಯವರು ಬೇರೆ ಸಭಾಂಗಣ ಹಿಡಿದರು. ಆ ಊಟಕ್ಕೂ ನನ್ನನ್ನು ಕರೆದಿದ್ದರು. ಮಕ್ಕಳನ್ನು ಆಶೀರ್ವದಿಸಿ, ನೀರು ಕುಡಿದು ಬಂದೆ. ಅದು ಸರಿಯೋ ತಪ್ಪೋ ನನಗೆ ಇಂದಿಗೂ ಗೊತ್ತಿಲ್ಲ.

ನಮ್ಮ ಈ ಹುಡುಗನಿಗೆ ಬೀರುವಿನಿಂದ ಸಿಕ್ಕ ಅಂಗಿಯ ತೋಳು ಸ್ವಲ್ಪ ಉದ್ದವಿತ್ತು. ಅಮ್ಮ ಒಳಮಡಿಕೆ ಹಾಕಿ ಹೊಲಿದಿದ್ದರು. ಬಡಿಸಲು ಗಂಡಸರೇ ನಿಲ್ಲಬೇಕು, ತಾಯಂದಿರು ಮೊದಲ ಪಂಕ್ತಿಯಲ್ಲಿ ಕೂರಬೇಕು ಎಂದು ಸಿಸ್ಟರ್ ಕಟ್ಟುನಿಟ್ಟು ಮಾಡಿದ್ದರು. ಸಾರಿನ ಬಕೆಟ್ ಹಿಡಿದವರಲ್ಲಿ ನಮ್ಮ ಬಣ್ಣದ ಕೆಲಸದವರೂ ಇದ್ದರು. ಕೇಳಿಟ್ಟಿದ್ದ 15,000ವನ್ನು ಅವರು ತರಲಿಲ್ಲ.

ಆ ಮನೆಯ ಕಷ್ಟ ಮುಗಿದಿಲ್ಲ. ಆ ವರ್ಷ ಮಳೆಗಾಲದ ಮೂರು ತಿಂಗಳು ಕೆಲಸ ಸರಿಯಾಗಿ ಸಿಗಲಿಲ್ಲ. ಆದರೂ ಕ್ರಿಸ್ತಜಯಂತಿಗೆ ಮನೆ ಆಶೀರ್ವದಿಸಲು ಹೋದಾಗ ಆ ತಾಯಿ ಪುಸ್ತಕವನ್ನು ಮತ್ತೆ ತಂದು ತೋರಿಸಿದರು. ಅಸಲು 20,000ಕ್ಕೆ ಇಳಿದಿತ್ತು, ಬಡ್ಡಿ 600. ನರ್ಸರಿಯ ಸಾಲು ಇರಲಿಲ್ಲ. ಹಾಲು ಮತ್ತೆ ಒಂದು ಲೀಟರ್. ಅದರ ಕೆಳಗೆ, ಬೇರೆ ಕೈಬರಹದಲ್ಲಿ, ಗಂಡನದ್ದಿರಬೇಕು, ಹೊಸದೊಂದು ಸಾಲು: “ಅವಳಿಗೆ ಮೊಟ್ಟೆ, 30.”